ಸಾಗವಾನಿ ಹಲಗೆಯ ಹುಡುಗಿ

ಪಕ್ಕದ ಮನೆಯ ಮರಾಠಿ ಅಜ್ಜಿ, ಓಣಿಗೆಲ್ಲ 'ಕಾಕು', ಹಳೆಯ ಫೋಟೋ ಒಂದನ್ನು ಹಿಡಿದುಕೊಂಡು ಬಂದಾಗ ನಾನು ಹಿತ್ತಲ ಕಟ್ಟೆಯ ಮೇಲೆ ಗರಗಸದ ಮಷಿನ್ ಇಟ್ಟುಕೊಂಡು ಹಲಗೆಯಲ್ಲಿ ಎಲೆಬಳ್ಳಿ ಕೊರೆಯುತ್ತಿದ್ದೆ. ಬೇಸಿಗೆ ರಜೆ ಆಗಷ್ಟೇ ಶುರುವಾಗಿತ್ತು. ಬಾಗೇವಾಡಿಯ ಸಾಲಿಯಲ್ಲಿ ವಿಜ್ಞಾನ ಕಲಿಸುವ ನನಗೆ ಈ ಹುಚ್ಚು ಹತ್ತಿದ್ದು ಫೋನಿನಲ್ಲಿ ವಿಡಿಯೋ ನೋಡಿ. ದಾರದಷ್ಟು ತೆಳ್ಳಗಿನ ಗರಗಸ ಹೊಲಿಗೆ ಮಷಿನ್ನಿನ ಸೂಜಿಯ ಹಾಗೆ ಮೇಲೆ ಕೆಳಗೆ ಆಡುತ್ತದೆ. ಅದರ ಮುಂದೆ ಹಲಗೆಯನ್ನು ನಿಧಾನ ತಿರುಗಿಸುತ್ತ ಹೋದರೆ ಹೂವು, ಹಕ್ಕಿ, ಅಕ್ಷರ, ಯಾವುದನ್ನು ಬೇಕಾದರೂ ಕತ್ತರಿಸಿ ತೆಗೆಯಬಹುದು.

"ಟೀಚರ್, ಇದನ್ನ ಕಟಗಿಯೊಳಗ ತಗದು ಕೊಡಲಿಕ್ಕೆ ಆಗ್ತದೇನ್ರಿ?" ಅಂದರು ಕಾಕು.

ಕಪ್ಪು ಬಿಳುಪಿನ ಫೋಟೋ. ಕಿಟಕಿಯ ಪಕ್ಕ ನಿಂತ ಹುಡುಗಿ, ಮುಖ ಹೊರಗೆ ತಿರುಗಿದೆ, ಒಂದೇ ಬದಿ ಕಾಣುತ್ತದೆ. ಉದ್ದ ಜಡೆ, ಕಿವಿಯಲ್ಲಿ ಸಣ್ಣ ಬೆಂಡೋಲೆ.

"ಯಾರ್ರಿ ಇವರು?"

"ನನ್ನ ತಂಗಿ. ಇಂಡಿ ಊರೊಳಗ ಇರ್ತಾಳಲಾ, ಆಕಿ. ಮುಂದಿನ ತಿಂಗಳ ಬರ್ಲಿಕತ್ತಾಳ. ಆಕೀಗೆ ಕೊಡಬೇಕು. ಹೇಳಬ್ಯಾಡ್ರಿ ಮತ್ತ."

ನಾನು ಒಪ್ಪಿಕೊಂಡೆ. ಮುಖ ಕೊರೆಯುವುದು ಎಲೆಬಳ್ಳಿಯಂತಲ್ಲ ಎಂದು ಗೊತ್ತಾದದ್ದು ಕೆಲಸಕ್ಕೆ ಕೂತ ಮೇಲೆ. ಬಡಿಗೇರರ ಹತ್ತಿರ ಹಳೆಯ ಸಾಗವಾನಿ ಬಾಗಿಲಿನ ತುಂಡು ಸಿಕ್ಕಿತ್ತು. ಅವರೇ ಅದನ್ನು ತೆಳ್ಳಗೆ ಸೀಳಿ ಕೊಟ್ಟರು. ಫೋಟೋದ ಗೆರೆಗಳನ್ನು ಕಾಗದಕ್ಕೆ ಇಳಿಸಿ ಹಲಗೆಗೆ ಅಂಟಿಸಿದೆ. ಒಳಗಿನ ಸಣ್ಣ ಭಾಗಗಳು ಮೊದಲು: ಕಣ್ಣಿನ ರೆಪ್ಪೆ, ಕಿವಿ, ಜಡೆಯ ಹೆಣಿಕೆ. ಒಂದೊಂದಕ್ಕೂ ತೂತು ಕೊರೆದು, ಗರಗಸ ಬಿಚ್ಚಿ ತೂತಿನೊಳಗೆ ತೂರಿಸಿ, ಮತ್ತೆ ಬಿಗಿದು ಕತ್ತರಿಸಬೇಕು. ಕೊನೆಗೆ ಹಣೆಯಿಂದ ಗದ್ದದವರೆಗಿನ ಹೊರಗೆರೆ. ಮೂಗಿನ ತುದಿಗೆ ಬಂದಾಗ ನಿಂತೆ. ಅಲ್ಲಿ ಮರದ ಎಳೆ ಅಡ್ಡ ಹಾದುಹೋಗಿತ್ತು. ಗೆರೆ ಇದ್ದ ಹಾಗೆ ಕತ್ತರಿಸಿದರೆ ತುದಿ ಮುರಿಯುವುದು ಖಾತ್ರಿ. ಕೂದಲೆಳೆಯಷ್ಟು ದಪ್ಪ ಬಿಟ್ಟು ಮುಂದೆ ಹೋದೆ.

ಆಮೇಲೆ ಉಜ್ಜುವ ಕೆಲಸ. ಒರಟು ಪಾಲಿಶ್ ಪೇಪರಿನಿಂದ ಶುರು ಮಾಡಿ ನುಣ್ಣಗಿನದಕ್ಕೆ ಬರುತ್ತ, ರೆಪ್ಪೆಯ ಸಂದಿಗೆ ಪೇಪರನ್ನು ಊದಿನಕಡ್ಡಿಗೆ ಸುತ್ತಿ ಉಜ್ಜಿದೆ. ಧೂಳು ಒರೆಸಿ ಅಗಸಿ ಎಣ್ಣೆ ಹಚ್ಚಿದ ಕೂಡಲೇ ಮಂಕಾಗಿದ್ದ ಮರಕ್ಕೆ ಜೇನಿನ ಬಣ್ಣ ಬಂತು. ಹುಡುಗಿಯ ಕೆನ್ನೆಯ ಮೇಲೆ ಎಳೆಗಳು ತಾವಾಗಿ ತೇಲಿ ಬಂದವು. ಕೈ ಒರೆಸಿಕೊಳ್ಳುವುದನ್ನೂ ಮರೆತು ನೋಡುತ್ತ ಕೂತಿದ್ದೆ.

ತಂಗಿ ಬಂದ ದಿನ ಕಾಕು ನನ್ನನ್ನು ಕರೆಸಿದರು. ಅಕ್ಕತಂಗಿಯರ ನಡುವೆ ಹೆಚ್ಚು ಅಂತರವಿಲ್ಲ. ಇಬ್ಬರದೂ ಒಂದೇ ಎತ್ತರ, ಒಂದೇ ಬಿಳಿಗೂದಲು. ತಂಗಿ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಕಣ್ಣು ತುಂಬಿ ಬಂತು.

"ಎಷ್ಟ ಛಂದ ಬಂದದ ಅಕ್ಕಾ! ಥೇಟ್ ನೀನೇ."

"ನಾನೆಲ್ಲೆ? ಅದು ನೀನು!" ಎಂದು ಕಾಕು ನಕ್ಕರು.

"ಹುಚ್ಚೀ, ನಾ ಹ್ಯಾಂಗ ಆಗ್ತೇನಿ? ನಮ್ಮ ಕಾಕಾ ಫೋಟೋ ತಗೀಬೇಕಾದ್ರ ನಾ ಅವರ ಬಾಜೂಕ ನಿಂತಿದ್ದೆ. ಕ್ಯಾಮೆರಾದ ಚರ್ಮದ ಕವರ್ ನನ್ನ ಕೈಯಾಗ ಇತ್ತು."

ಕಾಕು ನಗುವುದನ್ನು ನಿಲ್ಲಿಸಿದರು. "ಕವರ್ ಹಿಡಕೊಂಡಾಕಿ ನಾನು. ಅದರ ವಾಸನಿ ಸೈತ ನೆನಪದ ನನಗ."

ಇಬ್ಬರೂ ಕ್ಯಾಮೆರಾದ ಹಿಂದೆ ನಿಂತಿದ್ದರೆ ಕಿಟಕಿಯ ಹತ್ತಿರ ಯಾರಿದ್ದರು? ಫೋಟೋ ತೆಗೆದ ಅವರ ಚಿಕ್ಕಪ್ಪ, ಆ ಕಾಕಾ, ಈಗಿಲ್ಲ. ಕೇಳಬಹುದಾದವರು ಬೇರೆ ಯಾರೂ ಉಳಿದಿಲ್ಲ. ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

"ಟೀಚರ್, ನೀವು ಇಷ್ಟ ದಿವಸ ಇದನ್ನ ನೋಡೀರಿ. ನೀವೇ ಹೇಳ್ರಿ, ಯಾರ ಮೂಗು ಇದು?" ಅಂದರು ಕಾಕು.

ಮೂಗು ಎಂದದ್ದೇ ನನ್ನ ತಪ್ಪು ನೆನಪಾಯಿತು. "ಮೂಗಿನ ತುದಿ ನಾ ಒಂಚೂರು ದಪ್ಪ ಬಿಟ್ಟೇನ್ರಿ, ಮುರೀತೈತಿ ಅಂತ" ಅಂದೆ. ಅದರಿಂದಲೇ ಗೊಂದಲವಾಯಿತೇನೋ ಎಂದು ಫೋಟೋ ತರಿಸಿದೆವು. ಫೋಟೋ ನೋಡಿಯೂ ಅಕ್ಕ ತಂಗಿಯನ್ನೇ ತೋರಿಸಿದರು, ತಂಗಿ ಅಕ್ಕನನ್ನೇ. ಇಬ್ಬರನ್ನೂ ಬಾಗಿಲ ಕಡೆ ಮುಖ ಮಾಡಿ ಕೂರಿಸಿದೆ. ಹಲಗೆಯನ್ನು ಒಮ್ಮೆ ಇವರ ಕೆನ್ನೆಯ ಪಕ್ಕ, ಒಮ್ಮೆ ಅವರ ಕೆನ್ನೆಯ ಪಕ್ಕ ಹಿಡಿದು ನೋಡಿದೆ. ಗದ್ದ ಕಾಕುವಿನದು ಅನ್ನಿಸಿತು. ಹಣೆ ತಂಗಿಯದು ಅನ್ನಿಸಿತು. ಮತ್ತೊಮ್ಮೆ ನೋಡಿದಾಗ ಅದೂ ಉಲ್ಟಾ ಆಯಿತು. ವಾರಗಟ್ಟಲೆ ಬೆರಳಲ್ಲಿ ಸವರಿದ ಮುಖ ಯಾರದೆಂದು ನನಗೇ ಗೊತ್ತಿಲ್ಲವಲ್ಲ ಎಂದು ಒಂಥರಾ ಆಯಿತು.

"ಇಬ್ಬರನ್ನೂ ಹೋಲ್ತೈತ್ರಿ" ಅಂದೆ.

"ಹಂಗ ಅಂದ್ರ ನಡೀತದೇನು?" ಎಂದು ಇಬ್ಬರೂ ನನ್ನ ಮೇಲೇ ಸಿಟ್ಟಾದರು.

ತಂಗಿ ಇದ್ದಷ್ಟು ದಿನವೂ ಗೋಡೆಯಾಚೆಯಿಂದ ಅದೇ ವಾದ ಕೇಳುತ್ತಿತ್ತು. ಸಿಟ್ಟು ಬಂದಾಗ ಮರಾಠಿಯಲ್ಲಿ, ಇಳಿದಾಗ ಕನ್ನಡದಲ್ಲಿ. ಹೊರಡುವ ದಿನ ನಾನೂ ಬಸ್‌ಸ್ಟ್ಯಾಂಡಿಗೆ ಹೋದೆ. ಹಲಗೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂಗಿ ಚೀಲದಲ್ಲಿ ಇಟ್ಟುಕೊಂಡಿದ್ದರು.

"ನಮ್ಮಕ್ಕನ ಚಿತ್ರ ನಮ್ಮ ಮನಿಯೊಳಗ ಇರ್ಲಿ ಅಂತ ಒಯ್ಲಿಕತ್ತೇನಿ" ಎಂದು ಅವರು ನನ್ನ ಕಿವಿಯಲ್ಲಿ ಹೇಳಿ ಬಸ್ಸು ಹತ್ತಿದರು.

ಬಸ್ಸು ತಿರುವು ದಾಟಿದ ಮೇಲೆ ಕಾಕು ಸಮಾಧಾನದಿಂದ ಉಸಿರು ಬಿಟ್ಟರು. "ಕಡೀಕೆ ಒಪ್ಪಿಕೊಂಡಳು ನೋಡ್ರಿ. ತನ್ನ ಚಿತ್ರ ತಾನೇ ಒಯ್ದಳು."

ತಂಗಿ ಕಿವಿಯಲ್ಲಿ ಅಂದದ್ದನ್ನು ನನ್ನಲ್ಲೇ ಇಟ್ಟುಕೊಂಡೆ. ಹೇಳಿದರೆ ಯಾರಿಗೆ ಒಳ್ಳೆಯದಾಗುತ್ತಿತ್ತೋ ನನಗೆ ತಿಳಿಯಲಿಲ್ಲ.

ಮನೆಯ ದಾರಿಯಲ್ಲಿ ಕಾಕು ತಟ್ಟನೆ ಕೇಳಿದರು, "ನಂದೂ ಒಂದು ಮಾಡಿ ಕೊಡ್ತೀರೇನು?"

"ಫೋಟೋ ಕೊಡ್ರಿ, ಮಾಡ್ತೇನಿ."

"ಸಣ್ಣಾಕಿದ್ದಾಗಿಂದು ನಂದು ಒಂದೂ ಇಲ್ಲ."

ಅವರನ್ನು ನಮ್ಮ ಹಿತ್ತಲಿಗೆ ಕರೆದುಕೊಂಡು ಹೋಗಿ ಮುಖ ಪಕ್ಕಕ್ಕೆ ತಿರುಗಿಸಿ ಬೆಳಕಿನಲ್ಲಿ ಕೂರಿಸಿ ಫೋನಿನಲ್ಲಿ ಫೋಟೋ ತೆಗೆದೆ. ಅವರು ಸೆರಗು ಸರಿಪಡಿಸಿಕೊಂಡು ಅಲುಗಾಡದೆ ಕೂತರು, ಉಸಿರು ಸಹ ಬಿಗಿ ಹಿಡಿದಿದ್ದರು. "ಸುಕ್ಕು ಬಿಡಬ್ಯಾಡ್ರಿ, ಎಲ್ಲಾ ಬರ್ಲಿ" ಅಂದರು. ಈಗ ಆ ಗೆರೆಗಳನ್ನು ಕಾಗದಕ್ಕೆ ಇಳಿಸುತ್ತಿದ್ದೇನೆ. ಕುತ್ತಿಗೆಯ ಸುಕ್ಕು ಎಲ್ಲಿ ನಿಲ್ಲಿಸಬೇಕು, ಗದ್ದ ಎಲ್ಲಿ ಶುರು ಮಾಡಬೇಕು ಎನ್ನುವುದು ಇನ್ನೂ ಬಗೆಹರಿದಿಲ್ಲ.