ಮಾವನ ಭಾರದ ಕತ್ತಿ

ಮಾವನ ಕ್ಷೌರದಂಗಡಿಗೆ ಬಂದು ಇಪ್ಪತ್ತು ವರ್ಷವಾದರೂ ಬೀದಿಯವರಿಗೆಲ್ಲ ಆತ ಇನ್ನೂ ಅಳಿಯನೇ. ಮಾವ ತೀರಿಕೊಂಡ ಮೇಲೂ ಅವರ ಕತ್ತಿಯನ್ನು ಅಳಿಯ ಮುಟ್ಟಿರಲಿಲ್ಲ. ಅಗಲ ಅಲಗು, ದಪ್ಪ ಬೆನ್ನು, ಹಿಡಿದರೆ ಮಣಿಕಟ್ಟು ಇಳಿಯುವಷ್ಟು ಭಾರ. "ನಿನ್ನ ಕೈಗೆ ಇದು ಒಗ್ಗಲ್ಲ" ಅಂದಿದ್ದರು ಮಾವ.

ಇವತ್ತು ಬೆಳಿಗ್ಗೆ ಅಳಿಯನ ತೆಳು ಕತ್ತಿ ಕಲ್ಲುನೆಲಕ್ಕೆ ಬಿದ್ದು ಬಾಯಿ ಮುರಿದುಕೊಂಡಿತು. ಆಗಲೇ ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ಬೇರೆ ದಾರಿಯಿಲ್ಲದೆ ಮಾವನ ಕತ್ತಿಯಲ್ಲೇ ಎಡಗೆನ್ನೆ ಮುಗಿಸಿದ. ನೊರೆ ಒರೆಸಿದರೆ ದವಡೆಯ ಕೆಳಗೆ ಒಂದು ಹನಿ ರಕ್ತ. ಪಟಿಕ ಒತ್ತಿದ. ತೆಗೆದ. ಮತ್ತೆ ಹನಿ.

"ಅದು ಬೇಗ ನಿಲ್ಲಲ್ಲಪ್ಪ," ಅಂದರು ಮೇಷ್ಟ್ರು. "ಹೃದಯಕ್ಕೆ ಅಂತ ರಕ್ತ ತೆಳುವಾಗೋ ಮಾತ್ರೆ ಕೊಟ್ಟಿದಾರೆ. ಗಾಯ ಮಾಡ್ಕೋಬೇಡಿ ಅಂದಿದಾರೆ."

"ಕೂರೋ ಮುಂಚೆ ಹೇಳಬಾರದಿತ್ತಾ?"

"ನೀನು ಕೇಳಲಿಲ್ಲ."

ಅಳಿಯ ಹತ್ತಿ ಒತ್ತಿ ಹಿಡಿದು ನಿಂತ. ಹತ್ತು ನಿಮಿಷಕ್ಕೆ ರಕ್ತ ನಿಂತಿತು. ಬಲಗೆನ್ನೆಯೂ ಗಂಟಲೂ ಇನ್ನೂ ಬಾಕಿ.

"ಇವತ್ತಿಗೆ ಸಾಕು ಮೇಷ್ಟ್ರೇ."

"ಅರ್ಧ ಗಡ್ಡ ಹೊತ್ತು ಹೋದ್ರೆ ನಮ್ಮನೆಯವಳು ಒಳಗೆ ಸೇರಿಸಲ್ಲ. ಮುಗಿಸು."

ಪರದೆಯ ಹಿಂದೆ ಅತ್ತೆ ಟವೆಲ್ ಮಡಚುತ್ತಿದ್ದರು. ಕಣ್ಣು ಮಂಜಾದರೂ ಕಿವಿ ಚುರುಕು. ಗಂಡನ ಕತ್ತಿಯ ಸದ್ದನ್ನು ನಲವತ್ತು ವರ್ಷ ಅಲ್ಲೇ ಕೂತು ಕೇಳಿದವರು.

"ಅಳಿಯಂದ್ರೇ, ಎಡಗೆನ್ನೆಗೆ ಒತ್ತುತಾ ಇದ್ರಿ. ಕರಕರ ಅಂತಿತ್ತು. ನಿಮ್ಮ ಕತ್ತಿ ಹಗುರ, ಅದಕ್ಕೆ ಕೈಬಲ ಬೇಕಿತ್ತು. ಇದರ ಭಾರವೇ ಕೂದಲು ತೆಗೆಯುತ್ತೆ. ನೀವು ದಾರಿ ತೋರಿಸಿದ್ರೆ ಸಾಕು."

"ಕೈ ಮಾತು ಕೇಳಬೇಕಲ್ಲ ಅತ್ತೆ."

"ನೀವಿಬ್ಬರೂ ನಿಧಾನವಾಗಿ ತೀರ್ಮಾನ ಮಾಡಿ," ಅಂದರು ಮೇಷ್ಟ್ರು. "ಗಂಟಲು ಮಾತ್ರ ನಂದು."

ಹೊಸ ನೊರೆ ಹಚ್ಚಿ, ಎಡಗೈಯಲ್ಲಿ ಚರ್ಮ ಬಿಗಿಹಿಡಿದ. ಮೊದಲ ಎಳೆತ. ಕರ್.

"ಒತ್ತಿದ್ರಿ."

ಕತ್ತಿ ಎತ್ತಿ, ಬೆರಳು ಸಡಿಲಿಸಿ ಮತ್ತೆ ಇಟ್ಟ. ಈ ಸಲ ಅದು ತಾನಾಗಿ ಇಳಿಯಿತು, ಸರ್ ಅಂತ. ಪರದೆಯ ಹಿಂದೆ ಅತ್ತೆ ಮತ್ತೆ ಟವೆಲ್ ಮಡಚತೊಡಗಿದರು. ಕೆನ್ನೆ ಮುಗಿದು ಗಂಟಲಿಗೆ ಬಂದಾಗ ಮೇಷ್ಟ್ರು ಉಗುಳು ನುಂಗಿದರು. ಅಲಗಿನಡಿ ಗಂಟಲ ಗಂಟು ಮೇಲೇರಿತು. ಅಳಿಯ ಒತ್ತಲಿಲ್ಲ, ಎಳೆಯಲೂ ಇಲ್ಲ. ಗಂಟು ಏರಿದಾಗ ಕೈಯೂ ಏರಿತು, ಇಳಿದಾಗ ಇಳಿಯಿತು. ಆಮೇಲೆ ಮಿಕ್ಕ ಒಂದು ಬೆರಳಗಲವನ್ನೂ ತೆಗೆದ.

ಬಿಳಿ ಟವೆಲ್ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ತಿರುಗಿಸಿ ಇನ್ನೊಂದು ಮಗ್ಗುಲೂ ನೋಡಿದ. ಎಲ್ಲೂ ಕೆಂಪಿಲ್ಲ.

"ಮುಗೀತಲ್ಲ," ಅಂದರು ಅತ್ತೆ ಒಳಗಿನಿಂದ. "ಇನ್ನಾದ್ರೂ ಉಸಿರು ಬಿಡಿ, ಅಳಿಯಂದ್ರೇ."