ಪದ್ಮವ್ವನ ಕಡೀ ನುಡಿ

ಉದ್ದ ಕೋಲಿನ ತುದಿಗೆ ತುಪ್ಪಳದ ಮುದ್ದೆ. ಅದು ಮೈಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಜೇಡರ ಬಲೆ ಹೊಡೆಯುವ ಕೋಲೆಂದು ತಿಳಿದು, ಬಂದವರ ಮುಂದೆ ಊರಿನ ಮರ್ಯಾದೆ ಉಳಿಸಲು ಪದ್ಮವ್ವನ ಪಡಸಾಲೆಯ ಎರಡು ಮೂಲೆ ಹೊಡೆದೂ ಬಿಟ್ಟೆ.

"ಸಾಕ ಬಿಡೊ ಶಿದ್ರಾಮಾ, ಅವರ ಮಾರಿ ನೋಡ," ಎಂದಳು ಪದ್ಮವ್ವ.

ಮೂಡಲಗಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಪಗಾರಕ್ಕಿರುವ ನನ್ನನ್ನು ನಂಬಿ ಬಂದವರು 'ನಾಕ್ ರಸ್ತಾ' ಎಂಬ ತಂಡದ ನಾಲ್ವರು. ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷನ್ನೆಲ್ಲ ಲ್ಯಾಪ್‌ಟಾಪಿನ ಸಂಗೀತದಲ್ಲಿ ಕಲಸಿ ತಮ್ಮ ಮೊದಲ ಆಲ್ಬಮ್ ಮಾಡುತ್ತಿದ್ದರು. ಅದಕ್ಕೊಂದು ಡೊಳ್ಳಿನ ಪದ ಬೇಕಿತ್ತು. ಕುಲಗೋಡದ ನಮ್ಮ ಬಾಜೂ ಮನೆಯ ಪದ್ಮವ್ವನ ಹತ್ತಿರ ಕರೆದುಕೊಂಡು ಹೋದೆ.

ಪದ್ಮವ್ವ ಕುರಿ ಕಾಯುವ ಮನೆತನದವಳು. ಹೆಣ್ಣುಮಕ್ಕಳು ಡೊಳ್ಳಿನ ಮುಂದೆ ನಿಲ್ಲಬಾರದು ಎನ್ನುತ್ತಿದ್ದ ಕಾಲಕ್ಕೆ ಹತ್ತರಗಿಯ ಬೀರಸಿದ್ದಪ್ಪ ಅವಳಿಗೆ ಪದ ಕಲಿಸಿ ಮುಂದೆ ನಿಲ್ಲಿಸಿದ. ಅವನ ಮೇಳದವರು ಅದೇ ಕಾರಣಕ್ಕೆ ಅವನನ್ನು ಬಿಟ್ಟು ಹೋದರು. ಈಗ ಅವನಿಲ್ಲ, ಅವನದೊಂದು ಫೋಟೋ ಕೂಡ ಇಲ್ಲ. ಪದದ ಕಡೀ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಊರಿನ ಹೆಸರು, ಗುರುವಿನ ಹೆಸರು ಹೇಳಿಯೇ ಮುಗಿಸುವುದು ಪದ್ಧತಿ. ಬೀರಸಿದ್ದಪ್ಪ ಉಳಿದಿರುವುದು ಅಲ್ಲಿ ಮಾತ್ರ. ಜ್ವರದಲ್ಲಿ ಧ್ವನಿ ಕಟ್ಟಿದಾಗಲೂ ಪದ್ಮವ್ವ ಆ ನುಡಿ ಬಿಟ್ಟವಳಲ್ಲ.

ಬಿಟ್ಟವನು ನಾನು. ರೆಕಾರ್ಡ್ ಮಾಡಿಕೊಂಡು ಹೋದ ಮೇಲೆ ಹಾಡು ಉದ್ದವಾಯಿತೆಂದು ತಂಡದ ನಂದಿನಿ ಫೋನ್ ಮಾಡಿದಾಗ ಗಿರಾಕಿಯ ಮೊಬೈಲ್ ಬಿಚ್ಚಿಕೊಂಡು ಕುಳಿತಿದ್ದೆ. "ಕಡೀಕ ಬರೇ ಹೆಸರ ಅದಾವ್ರಿ, ತಗದ್ರ ನಡೀತೈತಿ," ಎಂದೆ, ಎಲ್ಲ ತಿಳಿದವನ ಹಾಗೆ. ನಂದಿನಿಯ ಮೇಲೂ ನನಗೆ ಸಿಟ್ಟಿದೆ. ಹಾಡಿದವಳನ್ನು ಬಿಟ್ಟು ನನ್ನನ್ನೇಕೆ ಕೇಳಬೇಕಿತ್ತು?

ಆಲ್ಬಮ್ ಹೊರಬರುವ ವಾರ ಗೋಕಾಕದ ಸಭಾಭವನವೊಂದರಲ್ಲಿ ನಮಗೆಲ್ಲ ಕೇಳಿಸಿದರು. ಪದ್ಮವ್ವನ ಹಾಡೇ ಮೊದಲು. ಸ್ಪೀಕರಿನ ಸದ್ದಿಗೆ ಕೂತ ಕುರ್ಚಿ ನಡುಗುತ್ತಿತ್ತು. ಹಾಡಿನ ಜೊತೆ ಅವಳ ತುಟಿಯೂ ಅಲುಗುತ್ತಿತ್ತು. ಹಾಡು ನಿಂತಿತು, ಚಪ್ಪಾಳೆ ಬಿತ್ತು. ತುಟಿ ಮಾತ್ರ ಗುರುವಿನ ಹೆಸರಿನವರೆಗೆ ಹೋಗಿ ನಿಂತಿತು.

"ಉಳಿದದ್ದೆಲ್ಲಿ?"

"ನಾನ ತಗಸೇನಿ ದೊಡ್ಡವ್ವಾ. ಬರೇ ಹೆಸರಂತ..."

"ನಿನ್ನ ಆಧಾರ ಕಾರ್ಡಿನ್ಯಾಗಿಂದ ನಿಮ್ಮಪ್ಪನ ಹೆಸರ ತಗಸ್ಲೇನು? ಅದೂ ಬರೇ ಹೆಸರ ಐತಲ್ಲ."

ನಂದಿನಿ ಓಡಿ ಬಂದಳು. "ಅಮ್ಮ, ನಿಮ್ಮ ಹೆಸರನ್ನ ದೊಡ್ಡದಾಗಿ ಹಾಕಿದೀವಿ."

"ನನ್ನ ಹೆಸರ ಯಾರ ಕೇಳ್ಯಾರ? ಕುರಿ ತುಪ್ಪಳ ಎಷ್ಟ ಬೇಕಷ್ಟ ಕತ್ತರಸ್ರಿ. ಕಿವಿ ಕತ್ತರಸ್ತೀರೇನು? ಯಾರ ಕುರಿ ಅನ್ನೂ ಗುರುತ ಕಿವ್ಯಾಗ ಇರ್ತೈತಿ."

ನಂದಿನಿ ನೆಲ ನೋಡಿದಳು. "ಶುಕ್ರವಾರ ಬಿಡುಗಡೆ ಅಮ್ಮ, ಈಗ ಸೇರಿಸೋಕಾಗಲ್ಲ. ಹೀಗೇ ಬಿಡಬೇಕು, ಇಲ್ಲಾಂದ್ರೆ ಹಾಡನ್ನೇ ತೆಗೀಬೇಕು. ತೆಗೆದ್ರೆ ನೀವು ಹಾಡಿದ್ದು ಯಾರಿಗೂ ಗೊತ್ತೇ ಆಗಲ್ಲ. ತೆಗೆಯೋದಾ?"

ಪದ್ಮವ್ವ ಆಗಲೇ ಎದ್ದಿದ್ದಳು.

"ತಗೀರಿ."