ಶಿವದಾರ ಹೊಸೆಯುತ್ತಿದ್ದ ತಾಯಿ

ಅತನೂರಿನಲ್ಲಿ ನಮ್ಮ ನೆರೆಮನೆಯ ಆ ತಾಯಿ ಊರಿನವರ ಲಿಂಗಧಾರಣೆಗೆ ಶಿವದಾರ ಹೊಸೆದು ಕೊಡುತ್ತಿದ್ದರು. ದಾರವನ್ನು ಎರಡೂ ಕೈಯಿಂದ ಜಗ್ಗಿ ನೋಡಿ, ಕಣ್ಣಿಗೊತ್ತಿಕೊಂಡು, “ಗುರು ನೋಡ್ಕೋತಾನ್ರಿ” ಎನ್ನುವುದು ಅವರ ವಾಡಿಕೆ.

ಅವರ ಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹಬ್ಬಿದಾಗ ಸೊಲ್ಲಾಪುರದ ವೈದ್ಯರು ಗಡ್ಡೆಗೇ ತಾಗುವಂತೆ ಔಷಧಿ ಹರಿಸಿ ಅದನ್ನು ಕುಗ್ಗಿಸುವುದಾಗಿಯೂ, ಉಳಿದುದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದಾಗಿಯೂ ತಿಳಿಸಿದರು. ಒಂದರಿಂದಲೇ ಸಾಗದು, ಎರಡೂ ಬೇಕು ಎಂದು ಎಚ್ಚರಿಸಿದರು. ಗಡ್ಡೆ ಕುಗ್ಗಿತು, ಹಸಿವು ಮರಳಿತು. ತಾಯಿ ಅದನ್ನು ಗುರುಕೃಪೆಯೆಂದೇ ನಂಬಿ, ಜಂಗಮರನ್ನು ಕರೆದು ದಾಸೋಹ ಮಾಡಿದರು. ಶಸ್ತ್ರಚಿಕಿತ್ಸೆಗೆ ಹೊರಡಿಸಲು ಹೋದ ನನಗೆ, “ಡಾಕ್ಟರಿಗೆ ಕೊಯ್ಯೋ ಚಟ ಅದ ಬಿಡ್ರಿ ಅಣ್ಣಾರ! ಪ್ರಸಾದ ಹಂಚೀನಿ. ಈಗ ಕೊಯ್ಸಿಕೊಂಡ್ರ ಗುರುವಿನ ಮ್ಯಾಲ ಅನುಮಾನ ಪಟ್ಟಂಗ ಆಗ್ತದ” ಎಂದು ನಕ್ಕುಬಿಟ್ಟರು.

ಕೆಲವು ತಿಂಗಳುಗಳಲ್ಲಿ ಅವರ ಕಣ್ಣುಗಳು ಹಳದಿಗಟ್ಟಿದವು. ಮತ್ತೆ ಸೊಲ್ಲಾಪುರಕ್ಕೆ ಕರೆದೊಯ್ದೆವು. ರೋಗ ಯಕೃತ್ತನ್ನೆಲ್ಲ ವ್ಯಾಪಿಸಿದೆ, ಇನ್ನು ಕೊಯ್ಯಲಾಗದು ಎಂದರು ವೈದ್ಯರು.

ತಾಯಿ ಕೈಮುಗಿದು ಕೇಳಿದರು: “ಆಗ ಬಂದಿದ್ರ ಉಳೀತಿದ್ನೇನ್ರಿ, ಸಾಹೇಬ್ರ?”

“ಉಳಿಯುವ ಸಾಧ್ಯತೆ ಇತ್ತು” ಎಂದರು ವೈದ್ಯರು.

“ಆಗೂ ಉಳೀತಿರಲಿಲ್ಲ ಅಂತ ಸುಳ್ಳರೆ ಹೇಳ್ರಿ” ಎಂದು ಅಂಗಲಾಚಿದರು ತಾಯಿ. “ಇಲ್ಲಂದ್ರ ನಮ್ಮ ಗುರುವಿಗೆ ಮಾತು ಬರ್ತದ್ರಿ.”